ಪ್ರಕ್ರಿಯಾಗಣಗಳಿಗೆ ಸ್ಮೃತಿಯ ಮಿತಿ

ಹಲವರು ಕೂಡಿ ಬಳಸುವ ಗಣಕಯಂತ್ರದಲ್ಲಿ ಸ್ಮೃತಿಯನ್ನು ಯಾರಿಗೆ ಎಷ್ಟು ಕೊಡಬೇಕು ಎಂಬುದು ಮೇಲ್ನೋಟಕ್ಕೆ ಕೇವಲ ಲೆಕ್ಕದ ಪ್ರಶ್ನೆಯಾಗಿ ತೋರಬಹುದು. ಅದು ನ್ಯಾಯದ ಪ್ರಶ್ನೆಯೂ ಹೌದೆಂಬುದನ್ನು ಒಂದು ಪ್ರಸಂಗದಿಂದ ತಿಳಿಯಬಹುದು.

ಬೆಳಗಾವಿ ನಗರದ ಪ್ರಯೋಗಾಲಯವೊಂದರಲ್ಲಿ 64 ಗಿಗಾಬೈಟ್ ಸ್ಮೃತಿಯ ಒಂದು ಯಂತ್ರವನ್ನು ವಿದ್ಯಾರ್ಥಿಗಳೆಲ್ಲರೂ ಹಂಚಿಕೊಂಡಿದ್ದರು. ಖಾನಾಪುರದಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುತ್ತಿದ್ದ ವಿದ್ಯಾರ್ಥಿನಿಯೊಬ್ಬಳು, ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯ ಸುತ್ತಲಿನ ಮಳೆಯ ಅಂಕಿಗಳನ್ನು ಕುರಿತ ಗಣನೆಯನ್ನು ಸಂಜೆ ಆರಂಭಿಸಿ ಊರಿಗೆ ಮರಳಿದಳು. ಆ ಗಣನೆಗೆ ಬೇಕಾಗಿದ್ದುದು ಸುಮಾರು 9 ಗಿಗಾಬೈಟ್. ರಾತ್ರಿ ಮತ್ತೊಬ್ಬನ ಕ್ರಮವಿಧಿಯು ದೋಷವಶದಿಂದ 30 ಉಪಪ್ರಕ್ರಿಯೆಗಳನ್ನು ಹುಟ್ಟಿಸಿತು. ಅವು ಒಂದೊಂದೂ 2 ಗಿಗಾಬೈಟಿಗಿಂತ ಕಡಮೆಯವು. ಒಟ್ಟಿನಲ್ಲಿ ಯಂತ್ರವನ್ನೇ ತುಂಬಿದವು. ಸ್ಮೃತಿ ಮುಗಿದಾಗ ಯಾವುದಾದರೊಂದು ಪ್ರಕ್ರಿಯೆಯನ್ನು ಕೊನೆಗೊಳಿಸುವುದು ಲಿನಕ್ಸ್ ಕರ್ನೆಲ್ಲಿನ ಅಂತಿಮೋಪಾಯ. ಸಾಮಾನ್ಯವಾಗಿ ಅತಿ ದೊಡ್ಡದನ್ನೇ ಅದು ಆರಿಸುತ್ತದೆ. ಅಂತೆಯೇ ನಿರಪರಾಧಿಯಾದ ಮಳೆಯ ಗಣನೆ ನಾಶವಾಯಿತು. ಮರುದಿನ ಬಂದವಳಿಗೆ ದೊರೆತದ್ದು ಬರಿದಾದ ಫಲಿತಾಂಶ.

ಇಲ್ಲಿ ತಪ್ಪಿದುದು ಎಣಿಕೆಯಲ್ಲ, ಎಣಿಕೆಯ ಘಟಕ. ಒಂದೊಂದು ಪ್ರಕ್ರಿಯೆಯನ್ನು ಬೇರೆಯಾಗಿ ನೋಡಿದರೆ 9 ಗಿಗಾಬೈಟಿನದೇ ದೊಡ್ಡದು. ಒಡೆಯನ ಪ್ರಕಾರ ಕೂಡಿಸಿ ನೋಡಿದರೆ ಮೂವತ್ತರ ಸಮೂಹವೇ ಅದರ ಅನೇಕ ಪಾಲು ದೊಡ್ಡದು. ಯೂನಿಕ್ಸ್ ಪರಂಪರೆಯ ಹಳೆಯ ಮಿತಿಗಳೂ ಈ ದೋಷದಿಂದ ಮುಕ್ತವಲ್ಲ. ಅವು ಪ್ರತಿ ಪ್ರಕ್ರಿಯೆಗೂ ಪ್ರತ್ಯೇಕವಾಗಿ ಅನ್ವಯಿಸುತ್ತವೆ. ಹುಟ್ಟಿದ ಮಗುವಿಗೂ ತಾಯಿಯಷ್ಟೇ ಮಿತಿ ಹೊಸದಾಗಿ ದೊರೆಯುತ್ತದೆ. ಅಲ್ಲದೆ ಅವು ಅಳೆಯುವುದು ವಿಳಾಸಗಳ ವಿಸ್ತಾರವನ್ನೇ ಹೊರತು ವಾಸ್ತವವಾಗಿ ಬಳಸಿದ ಸ್ಮೃತಿಯನ್ನಲ್ಲ.

ಆದುದರಿಂದ ಪ್ರಕ್ರಿಯೆಗಳನ್ನು ಗಣಗಳಾಗಿ ಕಟ್ಟಿ, ಗಣಕ್ಕೆ ಮಿತಿ ವಿಧಿಸುವ ವಿಚಾರ ಹುಟ್ಟಿತು. ಗೂಗಲ್ ಸಂಸ್ಥೆಯ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ ಇವರು 2006ರಲ್ಲಿ ಆರಂಭಿಸಿದ ಈ ಕಾರ್ಯವು 'ಕಂಟ್ರೋಲ್ ಗ್ರೂಪ್' ಎಂಬ ಹೆಸರಿನಿಂದ 2008ರ ಜನವರಿಯಲ್ಲಿ ಲಿನಕ್ಸಿನ 2.6.24ನೆಯ ಆವೃತ್ತಿಯನ್ನು ಸೇರಿತು. ಸ್ಮೃತಿಯ ನಿಯಂತ್ರಕವು ಅದೇ ವರ್ಷದ ಏಪ್ರಿಲ್‌ನಲ್ಲಿ 2.6.25ರೊಡನೆ ಬಂದಿತು. ಇದರ ರಚನೆಯಲ್ಲಿ ಭಾರತದಲ್ಲಿದ್ದ ಐಬಿಎಂ ತಂತ್ರಜ್ಞರ ಪಾತ್ರ ಹಿರಿದು. ಬಲಬೀರ್ ಸಿಂಗ್ ಮತ್ತು ವೈದ್ಯನಾಥನ್ ಶ್ರೀನಿವಾಸನ್ ಇವರು 2007ರಲ್ಲಿ ಆಟವಾದ ಲಿನಕ್ಸ್ ಗೋಷ್ಠಿಯಲ್ಲಿ ಈ ನಿಯಂತ್ರಕದ ತೊಡಕುಗಳನ್ನು ಕುರಿತು ಪ್ರಬಂಧ ಮಂಡಿಸಿದರು. ಪರಿಷ್ಕೃತವಾದ ಎರಡನೆಯ ರೂಪವು 2016ರಲ್ಲಿ 4.5ನೆಯ ಆವೃತ್ತಿಯಲ್ಲಿ ಅಧಿಕೃತವಾಯಿತು. ಮುಂದಿನ ವಿವರಣೆ ಆ ರೂಪವನ್ನು ಅನುಸರಿಸಿದೆ.

ಮೊದಲನೆಯ ಪ್ರಶ್ನೆ: ಲೆಕ್ಕ ಯಾರದು? ಸ್ಮೃತಿಯನ್ನು ಪುಟಗಳಾಗಿ ವಿಭಾಗಿಸಲಾಗಿದೆ; ಸಾಮಾನ್ಯವಾಗಿ ಒಂದು ಪುಟಕ್ಕೆ 4096 ಬೈಟ್. ಯಾವ ಗಣವು ಪುಟವನ್ನು ಮೊದಲು ಮುಟ್ಟುತ್ತದೆಯೋ ಅದರ ಖಾತೆಗೆ ಪುಟವು ಸೇರುತ್ತದೆ. ಪ್ರಕ್ರಿಯೆಯು ಬೇರೆ ಗಣಕ್ಕೆ ಹೋದರೂ ಹಳೆಯ ಪುಟಗಳ ಲೆಕ್ಕ ಅದರೊಡನೆ ಹೋಗುವುದಿಲ್ಲ. ಇಬ್ಬರು ಓದುವ ಒಂದೇ ಕಡತದ ಭಾರವು ಮೊದಲು ಓದಿದವನ ಮೇಲೆ ಬೀಳುವುದರಿಂದ ಈ ನಿಯಮ ಪೂರ್ಣ ನ್ಯಾಯವಾದುದಲ್ಲ. ಆದರೆ ಪ್ರತಿ ಪುಟವನ್ನೂ ಪಾಲು ಮಾಡುವ ವೆಚ್ಚಕ್ಕಿಂತ ಇದೇ ಮೇಲು.

ಎರಡನೆಯ ಪ್ರಶ್ನೆ: ಮಿತಿ ಎಂದರೇನು? ಇದಕ್ಕೆ ಒಂದಲ್ಲ, ನಾಲ್ಕು ಅಂಕಿಗಳಿವೆ. 'ಮ್ಯಾಕ್ಸ್' ಎಂಬುದು ಗೋಡೆ: ಗಣವು ಅದನ್ನು ಮುಟ್ಟಿದಾಗ ಅದರ ಪುಟಗಳನ್ನು ಹಿಂಪಡೆಯುವ ಯತ್ನ ನಡೆಯುತ್ತದೆ, ವಿಫಲವಾದರೆ ಆ ಗಣದೊಳಗಿನ ಪ್ರಕ್ರಿಯೆಯೇ ಬಲಿಯಾಗುತ್ತದೆ, ನೆರೆಯವನದಲ್ಲ. 'ಹೈ' ಎಂಬುದು ಎಚ್ಚರಿಕೆಯ ಗೆರೆ: ದಾಟಿದವರ ವೇಗ ಕುಗ್ಗುತ್ತದೆಯೇ ಹೊರತು ಅದರಿಂದಲೇ ಯಾರೂ ಸಾಯುವುದಿಲ್ಲ. 'ಲೋ' ಎಂಬುದು ರಕ್ಷಣೆ: ಅದರ ಕೆಳಗಿರುವ ಗಣದಿಂದ, ಬೇರೆಡೆ ಪುಟಗಳು ದೊರೆಯುವವರೆಗೆ, ಏನನ್ನೂ ಕಿತ್ತುಕೊಳ್ಳುವುದಿಲ್ಲ. 2018ರಲ್ಲಿ ಬಂದ 'ಮಿನ್' ಎಂಬುದು ಕಟ್ಟುನಿಟ್ಟಾದ ರಕ್ಷಣೆ. ಹಿಡಕಲ್ ಜಲಾಶಯದ ನೀರು ಹೊಲಗಳಿಗೂ ಬೇಕು, ಬೆಳಗಾವಿಯ ನಲ್ಲಿಗಳಿಗೂ ಬೇಕು. ಕುಡಿಯುವ ನೀರನ್ನು ತೆಗೆದಿರಿಸುವುದು ಬೇರೆ, ಕಾಲುವೆಗೆ ಹರಿಯುವುದಕ್ಕೆ ಮೇರೆ ಹಾಕುವುದು ಬೇರೆ. ಸ್ಮೃತಿಯಲ್ಲಿಯೂ ರಕ್ಷಣೆ ಮತ್ತು ಮೇರೆ ಇವೆರಡೂ ಭಿನ್ನವೆಂಬುದನ್ನು ವಾಚಕರು ಗಮನಿಸಬೇಕು.

ಈಗ ಮೇಲ್ಕಂಡ ಯಂತ್ರಕ್ಕೆ ವಿನ್ಯಾಸವನ್ನು ಮಾಡೋಣ. ವ್ಯವಸ್ಥೆಯ ಕೆಲಸಕ್ಕೆ 10 ಗಿಗಾಬೈಟನ್ನು ಬಿಟ್ಟು, ಉಳಿದ 54ನ್ನು ಮೂರು ಗಣಗಳಿಗೆ 18ರಂತೆ 'ಮ್ಯಾಕ್ಸ್' ಆಗಿ ಹಂಚಿದರೆ ಒಬ್ಬರಿಂದ ಇನ್ನೊಬ್ಬರಿಗೆ ಹಾನಿಯಿಲ್ಲ. ಆದರೆ ಇಬ್ಬರು ಸುಮ್ಮನಿರುವಾಗ 36 ಗಿಗಾಬೈಟ್ ವ್ಯರ್ಥ. ಬದಲಾಗಿ ಪ್ರತಿ ಗಣಕ್ಕೂ 'ಲೋ' 16, 'ಹೈ' 28, 'ಮ್ಯಾಕ್ಸ್' 36 ಎಂದಿಡೋಣ. ರಕ್ಷಿತ ಭಾಗದ ಮೊತ್ತ 48, ಅದು 54ರೊಳಗಿದೆ. ಮೂವತ್ತರ ಸಮೂಹವು 28ರಲ್ಲಿ ನಿಧಾನವಾಗಿ, ಹೆಚ್ಚೆಂದರೆ 36ರಲ್ಲಿ ತನ್ನೊಳಗೇ ನಿಲ್ಲುತ್ತದೆ. 9 ಗಿಗಾಬೈಟಿನ ಗಣನೆಯು ಬೆಳಗಿನವರೆಗೆ ಸಾಗುತ್ತದೆ.

ಆದರೆ ಈ ಸಡಿಲ ಹಂಚಿಕೆಗೂ ಬೆಲೆಯುಂಟು. ಎರಡು ಗಣಗಳು ಒಮ್ಮೆಲೇ 36ಕ್ಕೆ ಏರಿದರೆ ಮೊತ್ತವು 72 ಆಗಿ ಯಂತ್ರವನ್ನೇ ಮೀರುತ್ತದೆ. ಡಿಸ್ಕಿನಿಂದ ಮತ್ತೆ ಓದಬಹುದಾದ ಕಡತದ ಪುಟಗಳನ್ನು ತ್ಯಜಿಸುವುದು ಸುಲಭ. ಗಣನೆಯ ನಡುವಣ ಅಂಕಿಗಳಿಗೆ ಡಿಸ್ಕಿನಲ್ಲಿ ಸ್ವಾಪ್ ಸ್ಥಳವಿಲ್ಲದಿದ್ದರೆ ಹೋಗಲು ಎಡೆಯಿಲ್ಲ. ಅಂಥ ಸ್ಥಿತಿಯಲ್ಲಿ 'ಲೋ' ರಕ್ಷಣೆಯೂ ಸಾಲದು. ಆದ್ದರಿಂದ ಸ್ವಾಪ್ ಇಲ್ಲದ ಯಂತ್ರದಲ್ಲಿ 'ಮ್ಯಾಕ್ಸ್'ಗಳ ಮೊತ್ತವು ಲಭ್ಯಸ್ಮೃತಿಯನ್ನು ಬಹಳ ಮೀರಬಾರದು.

ಅಂಕಿಗಳನ್ನು ಊಹೆಯಿಂದ ನಿರ್ಧರಿಸುವುದೂ ಸಲ್ಲದು. ಕೆಲವು ದಿನ ಮಿತಿಯಿಲ್ಲದೆ ನಡೆಸಿ ಗಣದ ಗರಿಷ್ಠ ಬಳಕೆಯನ್ನು ಬರೆದಿಟ್ಟುಕೊಳ್ಳಬೇಕು. 2018ರಿಂದ ದೊರೆಯುತ್ತಿರುವ ಒತ್ತಡದ ಮಾಪನವು, ಪ್ರಕ್ರಿಯೆಗಳು ಸ್ಮೃತಿಗಾಗಿ ಕಾದು ಕಳೆದ ಕಾಲದ ಪ್ರಮಾಣವನ್ನು ತಿಳಿಸುತ್ತದೆ. ಕೇವಲ ಬಳಕೆ ಹೆಚ್ಚಿದ್ದರೆ ಚಿಂತೆಯಿಲ್ಲ. ಕಾಯುವಿಕೆ ಹೆಚ್ಚಿದರೆ ಮಿತಿ ಬಿಗಿಯಾಯಿತೆಂದು ತಿಳಿಯಬೇಕು. ಯಂತ್ರವು ನಡೆಯುತ್ತಿರುವಾಗಲೇ ಮಿತಿಗಳನ್ನು ಬದಲಿಸಬಹುದು. ಆದರೆ ಈಗಿನ ಬಳಕೆಗಿಂತ ಕೆಳಗೆ 'ಮ್ಯಾಕ್ಸ್' ಇಳಿಸಿದರೆ ನಡೆಯುತ್ತಿರುವ ಕೆಲಸವೇ ಬಲಿಯಾದೀತು.

ಒಟ್ಟಿನಲ್ಲಿ, ಮಿತಿಯೆಂಬುದು ದಂಡನೆಯಲ್ಲ. ಒಬ್ಬರ ತಪ್ಪಿನ ಫಲವು ಅವರ ಗಣದೊಳಗೇ ಉಳಿಯುವಂತೆ ಮಾಡುವ ಏರ್ಪಾಡು. ಸಂಜೆಯ ಬಸ್ಸಿಗೆ ಹೊರಟವಳು ತನ್ನ ಗಣನೆಯನ್ನು ಯಂತ್ರಕ್ಕೆ ನಂಬಿಕೆಯಿಂದ ಒಪ್ಪಿಸಿ ಹೋಗುವಂತಾದರೆ ಈ ವಿನ್ಯಾಸದ ಉದ್ದೇಶ ಸಫಲವಾದಂತೆ.