ಕೆಮ್ಮಿನ ಲೆಕ್ಕ

ಶ್ವಾಸಕೋಶದ ಹಳೆಯ ಬೇನೆಯವರು ನೂರಕ್ಕೆ ಎಷ್ಟು ಮಂದಿ ಎಂದು ಯಾರಾದರೂ ಕೇಳಿದರೆ, ಯಾವ ಬೇನೆ, ಯಾರು ಹೇಳಿದ ಲಕ್ಷಣದಂತೆ ಎಂದು ನಾವು ಮರುಪ್ರಶ್ನೆ ಹಾಕಬೇಕಾಗುತ್ತದೆ. ಇದು ಕುಚೋದ್ಯವಲ್ಲ. ಕಾಲಮ್ಮಿನ ತಲೆಬರಹ ಬದಲಾದರೆ ಕೆಳಗಿನ ಮೊತ್ತವೂ ಬದಲಾಗುವುದೆಂಬುದು ಕಚೇರಿಯಲ್ಲಿ ತಃಖ್ತೆ ತುಂಬುವ ನಮ್ಮಂಥವರಿಗೆ ಹೊಸ ಸಂಗತಿಯೇನಲ್ಲ.

ವರ್ಷಕ್ಕೆ ಮೂರು ತಿಂಗಳಂತೆ ಎರಡು ವರ್ಷ ಕಫದ ಕೆಮ್ಮು ಇದ್ದರೆ ಅದು ದೀರ್ಘಕಾಲದ ಬ್ರಾಂಕೈಟಿಸ್ ಎಂಬುದು ಹಳೆಯ ಲಕ್ಷಣ. ಇದನ್ನೇ ಹಿಡಿದು ಮನೆಮನೆಗೆ ಹೋಗಿ ಕೇಳಿದ ಭಾರತದ ಒಂದು ದೊಡ್ಡ ಸಮೀಕ್ಷೆಯಲ್ಲಿ (ವರದಿ 2012) 35 ದಾಟಿದವರಲ್ಲಿ ನೂರಕ್ಕೆ 3.49 ಮಂದಿ ಸಿಕ್ಕರು. ಜಗತ್ತಿನ 12 ಊರುಗಳಲ್ಲಿ 40 ದಾಟಿದವರಿಂದ ಸ್ಪೈರೋಮೀಟರಿಗೆ ಊದಿಸಿ ನೋಡಿದ ಸಮೀಕ್ಷೆಯಲ್ಲಿ (ವರದಿ 2007) ನೂರಕ್ಕೆ 10.1 ಮಂದಿ. ಊರು ಬೇರೆ, ವಯಸ್ಸು ಬೇರೆ ಎಂಬುದೇನೋ ಸರಿ. ಆದರೆ ಅಳತೆಗೋಲೇ ಬೇರೆ. ಕೆಮ್ಮದೆಯೇ ಉಸಿರು ಕಟ್ಟುವವರೂ ಉಂಟು, ಕೆಮ್ಮಿಯೂ ಸಲೀಸಾಗಿ ಊದುವವರೂ ಉಂಟು.

ಊದುವುದರಲ್ಲೂ ತಕರಾರಿದೆ. ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಟ್ಟು ಗಾಳಿಯ ನೂರಕ್ಕೆ 70ಕ್ಕಿಂತ ಕಡಿಮೆಯಾದರೆ ರೋಗ ಎಂಬುದು ಒಂದು ಪಕ್ಷ. ವಯಸ್ಸಾದಂತೆ ಈ ಪ್ರಮಾಣ ತಾನಾಗಿಯೇ ಇಳಿಯುತ್ತದೆ, ಆಯಾ ವಯಸ್ಸಿಗೆ ತಕ್ಕ ಕೆಳಮಿತಿ ಬೇಕು ಎಂಬುದು ಇನ್ನೊಂದು ಪಕ್ಷ. ಮೊದಲನೆಯದನ್ನು ಹಿಡಿದರೆ ಆರೋಗ್ಯವಂತ ಮುದುಕರು ರೋಗಿಗಳಾಗುತ್ತಾರೆ, ಬೇನೆಯಿರುವ ಯುವಕರು ತಪ್ಪಿಹೋಗುತ್ತಾರೆ.

ಈ ಮಾತು ನಮ್ಮ ಅಹಮದಾಬಾದಿಗೆ ಬಂದಾಗ ಬರಿಯ ಪಂಡಿತರ ಜಗಳವಾಗಿ ಉಳಿಯುವುದಿಲ್ಲ. 1861ರಲ್ಲಿ ರಣಛೋಡಲಾಲ್ ಛೋಟಾಲಾಲರ ಗಿರಣಿ ನಡೆಯತೊಡಗಿದಂದಿನಿಂದ ಹತ್ತಿಯ ಧೂಳು ಈ ಊರಿನ ಎದೆಗೆ ಇಳಿದಿದೆ. ಇದರ ಬೇನೆಗೆ ಬಿಸಿನೋಸಿಸ್ ಎಂದು ಹೆಸರು. ರಜೆಯ ಮರುದಿನ ಕೆಲಸಕ್ಕೆ ಹೋದಾಗ ಎದೆ ಬಿಗಿಯುವುದೇ ಅದರ ಗುರುತು. ಇಲ್ಲಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಮೂರು ಗಿರಣಿಗಳನ್ನು ನೋಡಿ 1989ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹತ್ತಿ ಬಿಡಿಸುವ ಖಾತೆಯಲ್ಲಿ ನೂರಕ್ಕೆ ಸುಮಾರು 30, ಕಾರ್ಡಿಂಗ್ ಖಾತೆಯಲ್ಲಿ ಸುಮಾರು 38 ಮಂದಿಗೆ ಇದಿತ್ತು. 1948ರ ನೌಕರರ ರಾಜ್ಯ ವಿಮಾ ಕಾಯಿದೆಯ ರೋಗಪಟ್ಟಿಯಲ್ಲೂ ಇದು ಸೇರಿತ್ತು. ಎಂದರೆ ಹೆಸರು ಸಿಕ್ಕರೆ ಪರಿಹಾರ ಕೇಳುವ ದಾರಿಯೂ ಇತ್ತು.

1980ರ ದಶಕದಿಂದ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಿರಣಿಯೇ ಇಲ್ಲದವನಿಗೆ ರಜೆಯ ಮರುದಿನವೆಂಬುದು ಎಲ್ಲಿಯದು? ಕ್ಷ-ಕಿರಣದ ಚಿತ್ರದಲ್ಲಿ ಈ ಬೇನೆಗೆಂದೇ ಒಂದು ಗುರುತು ಮೂಡುವುದಿಲ್ಲ. ಕೊನೆಗೆ ಉಳಿದ ದಮ್ಮು ಬೀಡಿ ಸೇದಿದವನ ದಮ್ಮಿನಂತೆಯೇ ಕಾಣುತ್ತದೆ. ಹೀಗೆ ಆತ ಒಂದು ಕಾಲಮ್ಮಿನಿಂದ ಇನ್ನೊಂದಕ್ಕೆ ಜಾರುತ್ತಾನೆ, ಇಲ್ಲವೇ ಯಾವುದಕ್ಕೂ ಸೇರುವುದಿಲ್ಲ. ಬೀಡಿಯನ್ನು ದೂರುವುದು ಎಲ್ಲರಿಗೂ ಸುಲಭ, ಅದಕ್ಕೆ ಪರಿಹಾರ ಕೊಡಬೇಕಾಗಿಲ್ಲ!

ಸೂರತ್ತಿನ ಮಗ್ಗಗಳಲ್ಲಿ ಹೆಚ್ಚಾಗಿ ಕೃತಕ ನೂಲು. ಅಲ್ಲಿ ಹತ್ತಿಯ ಪ್ರಶ್ನೆಯನ್ನೇ ಕೇಳಿದರೆ ಸೊನ್ನೆ ಬಂದೀತು, ಎದೆಗಳೆಲ್ಲ ಚೊಕ್ಕವಾಗಿವೆಯೆಂದು ಅರ್ಥವಲ್ಲ. ವಡೋದರದಿಂದ ಬಹಳ ದೂರವಲ್ಲದ ಖಂಭಾತಿನಲ್ಲಿ ಅಕೀಕು ಕಲ್ಲು ಮಸೆಯುವವರಿಗೆ ತಗಲುವ ಸಿಲಿಕೋಸಿಸ್ ಚಿತ್ರದಲ್ಲಿ ಕಾಣುತ್ತದೆಯೇನೋ ಹೌದು. ಆದರೆ ಮನೆಯಲ್ಲೇ ಕೂತು ಮಸೆಯುವವರು ಕಾರ್ಖಾನೆಯ ಕಾರ್ಮಿಕರ ಲೆಕ್ಕಕ್ಕೆ ಬರುವುದಿಲ್ಲ.

ಮನೆಯಲ್ಲಿಯೋ ನೆರೆಯಲ್ಲಿಯೋ ಗಿರಣಿಯಲ್ಲಿ ದುಡಿದ ಹಿರಿಯರಿದ್ದರೆ, ಡಾಕ್ಟರರ ಬಳಿ ಬೀಡಿಯ ಸಂಗತಿಯೊಂದನ್ನೇ ಹೇಳದೆ, ಯಾವ ಖಾತೆಯಲ್ಲಿ ಎಷ್ಟು ವರ್ಷ ಇದ್ದರು, ರಜೆಯ ಮರುದಿನ ಎದೆ ಹೇಗಿರುತ್ತಿತ್ತು ಎಂಬುದನ್ನೂ ಹೇಳಿ ಚೀಟಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.