ಹೊಳೆಯ ಪ್ರಾಣಿಗಳನ್ನು ಮರಳಿ ನೆಲೆಗೊಳಿಸುವದು

ವಿಜಯಪುರ ಜಿಲ್ಲೆಯಲ್ಲಿ ಅರಣ್ಯವೆಂಬುದು ಬಹು ಕಡಮೆ. ಭೀಮಾತೀರದ ದೇವಣಗಾಂವದಂಥ ಊರುಗಳಲ್ಲಿ ಕಾಡುಪ್ರಾಣಿಗೆ ಉಳಿದಿರುವ ಆಶ್ರಯವೆಂದರೆ ಹೊಳೆಯ ದಂಡೆ, ಹಳ್ಳದ ಅಂಚು, ಗಾಯರಾಣ ಇಷ್ಟೇ. ಇವುಗಳ ಮಗ್ಗುಲಲ್ಲಿಯೇ ಒಕ್ಕಲಿಗರ ಹೊಲಗಳಿರುತ್ತವೆ. ಆದುದರಿಂದ ಒಂದು ಪ್ರಾಣಿಯನ್ನು ಅದರ ಹಳೆಯ ನೆಲೆಗೆ ಮರಳಿ ತರುವ ಕಾರ್ಯವು ಅರಣ್ಯ ಇಲಾಖೆಯೊಂದಕ್ಕೇ ಸೇರಿದ್ದಲ್ಲ. ಊರಿನ ಮುಖಂಡರಿಗೂ ಜಮೀನುದಾರರಿಗೂ ಅದು ಸಂಬಂಧಿಸಿರುವದು.

ಈ ಕಾರ್ಯದ ಲಾಭ ಹಾನಿಗಳೆರಡನ್ನೂ ಪರದೇಶಗಳವರು ಬೀವರ್ ಎಂಬ ಪ್ರಾಣಿಯಿಂದ ಕಂಡುಕೊಂಡಿದ್ದಾರೆ. ಇದು ಇಲಿ, ಅಳಿಲುಗಳ ವರ್ಗಕ್ಕೆ ಸೇರಿದ, ಚಪ್ಪಟೆ ಬಾಲದ ಸಸ್ಯಾಹಾರಿ. ಹಲ್ಲಿನಿಂದ ಗಿಡಗಳನ್ನು ಕಡಿದು, ಕೊಂಬೆ, ಕೆಸರು, ಕಲ್ಲುಗಳನ್ನು ಕೂಡಿಸಿ ಹಳ್ಳಕ್ಕೆ ಅಡ್ಡಲಾಗಿ ಒಡ್ಡು ಕಟ್ಟುವದು. ಎರೆಹೊಲಕ್ಕೆ ಒಡ್ಡು ಹಾಕಿಸಿದ ಒಕ್ಕಲಿಗನಿಗೆ ಇದರ ಫಲವನ್ನು ಬಿಡಿಸಿ ಹೇಳಬೇಕಾಗಿಲ್ಲ: ನೀರಿನ ಓಟವು ತಗ್ಗುವದು, ಹೂಳು ನಿಲ್ಲುವದು, ನೆಲವು ತೇವ ಹಿಡಿಯುವದು. ಚರ್ಮಕ್ಕಾಗಿ ಬೇಟೆಯಾಡಿದ್ದರಿಂದ 1900ರ ಸುಮಾರಿಗೆ ಯುರೋಪ ಏಷ್ಯಾ ಖಂಡಗಳೆರಡರಲ್ಲಿಯೂ ಕೂಡಿ ಈ ಪ್ರಾಣಿಗಳು 1,200ರಷ್ಟು ಮಾತ್ರ ಉಳಿದಿದ್ದವು. ಅಮೇರಿಕೆಯ ಐಡಹೊ ಪ್ರಾಂತದಲ್ಲಿ 1948ರಲ್ಲಿ, ಹೊಲ ತೋಟಗಳಿಗೆ ಉಪದ್ರವವಾಗಿದ್ದ 76 ಬೀವರಗಳನ್ನು ಪೆಟ್ಟಿಗೆಯಲ್ಲಿಟ್ಟು, ಪ್ಯಾರಾಚೂಟ್ ಕಟ್ಟಿ, ವಿಮಾನದಿಂದ ದೂರದ ಸರಕಾರಿ ಅರಣ್ಯದಲ್ಲಿ ಇಳಿಸಿದರು. ಕೇಳಿದವರಿಗೆ ವಿನೋದವೆನಿಸಿದರೂ ಸತ್ತದ್ದು ಒಂದೇ ಪ್ರಾಣಿ.

ಸ್ಕಾಟ್‌ಲಂಡ ದೇಶದ ಅನುಭವವು ಜಮೀನುದಾರರು ವಿಶೇಷವಾಗಿ ಲಕ್ಷಿಸತಕ್ಕದ್ದು. ಅಲ್ಲಿ 2009ರಲ್ಲಿ ನ್ಯಾಪ್‌ಡೇಲ್ ಎಂಬ ಸರಕಾರಿ ಅರಣ್ಯದಲ್ಲಿ ನಾರ್ವೆಯಿಂದ ತಂದ ಬೀವರಗಳನ್ನು ಪರವಾನಿಗೆಯಿಂದ ಬಿಟ್ಟು, ಐದು ವರ್ಷ ಪರೀಕ್ಷಿಸಿ ನೋಡಿದರು. ಸುತ್ತಲೂ ಕಾಡೇ ಇದ್ದುದರಿಂದ ಹೊಲಗಳವರ ತಕರಾರು ಹೆಚ್ಚಾಗಲಿಲ್ಲ. ಟೇ ನದಿಯ ಬಯಲಿನಲ್ಲಾದರೋ ಅದೇ ಪ್ರಾಣಿಯು ಯಾರ ಅಪ್ಪಣೆಯೂ ಇಲ್ಲದೆ, ತಪ್ಪಿಸಿಕೊಂಡೋ ಬಿಡಲ್ಪಟ್ಟೋ ಹಬ್ಬಿತು. ಹೊಲದ ನೀರು ಬಸಿದು ಹೋಗುವ ಕಾಲುವೆಗಳಿಗೆ ಒಡ್ಡು ಬಿದ್ದು ಬೆಳೆ ನಿಂತ ನೀರಿನಲ್ಲಿ ಕೆಟ್ಟಿತು. ದಂಡೆಗಳು ಬಿಲದಿಂದ ಕುಸಿದವು. ಒಕ್ಕಲಿಗರು ಗುಂಡು ಹಾರಿಸಿದರು. 2019ರಲ್ಲಿ ಅದಕ್ಕೆ ಕಾಯಿದೆಯ ರಕ್ಷಣೆ ದೊರೆತ ಮೇಲೆ ಪರವಾನಿಗೆಯಿಲ್ಲದೆ ಕೊಲ್ಲುವದು ನಿಂತಿತು. ಪ್ರಾಣಿಯು ಒಂದೇ, ನೆಲವೂ ನೆರೆಯವರ ಸಮ್ಮತಿಯೂ ಬೇರೆಯಾದ್ದರಿಂದ ಪರಿಣಾಮವೂ ಬೇರೆಯಾಯಿತು.

ಬೀವರ್ ಭಾರತದ ನದಿಗಳದಲ್ಲ. ಅದನ್ನು ಭೀಮೆಗೆ ತರುವ ವಿಚಾರವು ಅವಿವೇಕವೇ ಸರಿ. ಈ ನಾಡಿನ ಹೊಳೆಗಳಿಗೆ ಸಹಜವಾದದ್ದು ನೀರುನಾಯಿ. ಇದು ಒಡ್ಡು ಕಟ್ಟುವದಿಲ್ಲ, ಬೆಳೆ ಮುಟ್ಟುವದಿಲ್ಲ. ಮೀನು, ಏಡಿ, ಕಪ್ಪೆಗಳನ್ನು ತಿಂದು, ದಂಡೆಯ ಬಿಲದಲ್ಲಿಯೂ ಬಂಡೆಗಳ ಸಂದಿಯಲ್ಲಿಯೂ ಮರಿ ಹಾಕಿ, ಗುಂಪಾಗಿ ಬಾಳುವದು. ಬಲೆ ಹರಿಯುವದೆಂಬ ಮೀನುಗಾರರ ದೂರು ಸುಳ್ಳಲ್ಲ. ಆದರೆ ಬಾಂಗ್ಲಾದೇಶದ ನಡೈಲ್ ಸೀಮೆಯಲ್ಲಿ ಮೀನುಗಾರರೇ ಇದನ್ನು ಸಾಕಿ, ಮೀನನ್ನು ಬಲೆಯೊಳಗೆ ಅಟ್ಟಿಸುವ ವಾಡಿಕೆಯುಂಟು.

ಭೀಮೆಯಂತೆ ಕೃಷ್ಣೆಯನ್ನೇ ಸೇರುವ ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ ಹೊಳೆಯನ್ನು ಕರ್ನಾಟಕ ಸರಕಾರವು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿತು. ಇಲ್ಲಿ ಹೊಸ ಪ್ರಾಣಿಗಳನ್ನು ತಂದು ಬಿಡುವದಕ್ಕಿಂತ, ಇದ್ದವುಗಳ ನೆಲೆಯನ್ನು ಕಾಯುವದೇ ಉದ್ದೇಶ. ಸಿಡಿಮದ್ದಿನಿಂದ ಮೀನು ಹಿಡಿಯುವದು, ಉಸುಕು ತೆಗೆಯುವದು, ದಂಡೆ ನಡುಗಡ್ಡೆಗಳ ಒತ್ತುವರಿ ಇವೇ ಅಲ್ಲಿಯ ಮುಖ್ಯ ಅಪಾಯಗಳು. ನೆಲೆ ಕೆಟ್ಟಲ್ಲಿ ಎಷ್ಟು ಪ್ರಾಣಿಗಳನ್ನು ತಂದು ಬಿಟ್ಟರೂ ಅವು ನಿಲ್ಲವು.

ಇಂಥ ಮೀಸಲಿನಿಂದ ತಮ್ಮ ಹೊಲವು ಕೈಬಿಡುವದೆಂದು ಅನೇಕರು ಅಂಜುವರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಸಂರಕ್ಷಣಾ ಮೀಸಲನ್ನು ಸರಕಾರದ ನೆಲದಲ್ಲಿ ಮಾತ್ರ, ಅದೂ ಸ್ಥಳೀಯರೊಡನೆ ಸಮಾಲೋಚಿಸಿದ ಮೇಲೆ, ಸಾರಬಹುದು. ಅದರ ವ್ಯವಸ್ಥಾಪಕ ಮಂಡಳಿಯಲ್ಲಿ ಸಂಬಂಧಪಟ್ಟ ಪ್ರತಿಯೊಂದು ಗ್ರಾಮ ಪಂಚಾಯತಿಯ ಪ್ರತಿನಿಧಿಯೊಬ್ಬನೂ, ಒಕ್ಕಲುತನ ಹಾಗೂ ಪಶುಸಂಗೋಪನ ಇಲಾಖೆಗಳ ಒಬ್ಬೊಬ್ಬ ಪ್ರತಿನಿಧಿಯೂ ಇರತಕ್ಕದ್ದು. ಖಾಸಗಿ ನೆಲದ ಒಡೆಯರು ತಾವಾಗಿ ಮುಂದೆ ಬಂದಲ್ಲಿ ಅದನ್ನು ಸಮುದಾಯ ಮೀಸಲು ಎಂದು ಮಾಡಲಿಕ್ಕೆ ಬರುವದು. ಆದರೆ ಒಪ್ಪುವ ಮೊದಲು ತಿಳಿದಿರಬೇಕಾದ ಸಂಗತಿಯೊಂದುಂಟು: ಆಮೇಲೆ ಆ ನೆಲದ ಉಪಯೋಗವನ್ನು ಬದಲಿಸಬೇಕಾದರೆ ಮಂಡಳಿಯ ಠರಾವೂ ಸರಕಾರದ ಮಂಜೂರಿಯೂ ಬೇಕಾಗುವವು.

ಮೀಸಲು ಆಗಲಿ ಬಿಡಲಿ, ದಂಡೆಯ ಒಡೆಯರು ಮಾಡಬಹುದಾದ ಕೆಲಸವುಂಟು. ಕಬ್ಬನ್ನು ನೀರಿನ ಅಂಚಿನವರೆಗೂ ಒಯ್ಯದೆ, ಹತ್ತಿಪ್ಪತ್ತು ಹೆಜ್ಜೆಯ ಪಟ್ಟಿಯನ್ನು ಗಿಡ, ಜೊಂಡು, ಹುಲ್ಲಿಗೆ ಬಿಡತಕ್ಕದ್ದು. ಅದಕ್ಕೆ ಬೆಂಕಿ ಹಚ್ಚಬಾರದು. 2020ರ ಅಕ್ಟೋಬರದಲ್ಲಿ ಭೀಮೆಗೆ ಬಂದಂಥ ಮಹಾಪೂರವನ್ನು ಇದು ತಡೆಯಲಾರದು. ಸಾಧಾರಣ ವರ್ಷಗಳಲ್ಲಿ ಮಾತ್ರ ಬೇರುಗಳು ಮಣ್ಣನ್ನು ಹಿಡಿದಿಡುವವು. ಕೀಟನಾಶಕದ ಡಬ್ಬಿಗಳನ್ನೂ ಸಿಂಪಡಿಸುವ ಯಂತ್ರವನ್ನೂ ಹೊಳೆಯಲ್ಲಿ ತೊಳೆಯಕೂಡದು. ಬೇಸಿಗೆಯಲ್ಲಿ ಪಂಪುಗಳಿಂದ ಮಡುವಿನ ಕಡೆಯ ನೀರನ್ನೂ ಎತ್ತಿಬಿಟ್ಟರೆ ಮೀನಿನೊಡನೆ ದನಗಳ ಕುಡಿಯುವ ನೀರೂ ಹೋಗುವದು. ಊರವರು ಕೂಡಿ ಒಂದೆರಡು ಮಡುಗಳನ್ನಾದರೂ ಮುಟ್ಟದಂತೆ ಕಟ್ಟು ಮಾಡಿಕೊಳ್ಳುವದು ಯುಕ್ತ.

ನೀರುನಾಯಿಯು ಇರುವದೋ ಇಲ್ಲವೋ ಎಂಬುದನ್ನು ಗುರುತಿನಿಂದ ತಿಳಿಯಬಹುದು. ದಂಡೆಯ ಬಂಡೆ, ಉಸುಕಿನ ದಿಬ್ಬಗಳ ಮೇಲೆ ಒಂದೇ ಸ್ಥಳದಲ್ಲಿ ಮೇಲಿಂದ ಮೇಲೆ ಹಾಕಿದ, ಮೀನಿನ ಪರೆ ಮುಳ್ಳುಗಳು ತುಂಬಿದ, ಕಟುವಾದ ಮೀನುವಾಸನೆಯ ಹಿಕ್ಕೆಯು ಅದರದು. ಹಸಿ ಕೆಸರಿನಲ್ಲಿ ಐದು ಬೆರಳಿನ, ನಡುವೆ ಜಾಲವುಳ್ಳ ಹೆಜ್ಜೆಯೂ ಮೂಡುವದು. ಇವನ್ನು ಕಂಡವರು ಸ್ಥಳ, ತಾರೀಖುಗಳನ್ನು ಬರೆದಿಟ್ಟು, ಪಂಚಾಯತಿಯ ಮುಖಾಂತರ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು. ಬಿಲವನ್ನು ಅಗೆದು ನೋಡಲಾಗದು.