ಒಂದು ದ್ವೀಪಲೋಕ ಮೂಡಿಬಂದ ಬಗೆ

1967ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದಲ್ಲಿ ಪಾರ್ನಾಸಸ್ ಪ್ರೆಸ್ ಎಂಬ ಚಿಕ್ಕ ಪ್ರಕಾಶನಾಲಯವನ್ನು ನಡೆಸುತ್ತಿದ್ದ ಹರ್ಮನ್ ಶೈನ್, ಹದಿಹರೆಯದವರು ಓದಬಹುದಾದ ಒಂದು ಕೃತಿಯನ್ನು ರಚಿಸಿಕೊಡಬೇಕೆಂದು ಲೇಖಕಿ ಉರ್ಸುಲಾ ಲೆ ಗ್ವಿನ್ ಅವರನ್ನು ಕೇಳಿಕೊಂಡರು. ವಸ್ತುವೂ ನಿರೂಪಣೆಯ ಕ್ರಮವೂ ಸಂಪೂರ್ಣವಾಗಿ ಅವರ ಇಚ್ಛೆಗೇ ಬಿಟ್ಟದ್ದು. ಅಂತಹ ಓದುಗರಿಗಾಗಿ ಎಂದೂ ಬರೆದಿರದ ಲೇಖಕಿ ಮೊದಲು ಹಿಂಜರಿದರು. ಅನಂತರ ಒಂದು ಪ್ರಶ್ನೆ ಅವರ ಮನಸ್ಸನ್ನು ಹೊಕ್ಕಿತು: ಮರ್ಲಿನ್ ಆಗಲಿ, ಟೋಲ್ಕಿನ್ನರ ಗ್ಯಾಂಡಾಲ್ಫ್ ಆಗಲಿ, ಕಥೆಗಳ ಮಾಂತ್ರಿಕರೆಲ್ಲರೂ ನರೆತ ಗಡ್ಡದ ವೃದ್ಧರು; ಅವರೂ ಒಂದು ಕಾಲಕ್ಕೆ ಏನನ್ನೂ ಅರಿಯದ ಬಾಲಕರಾಗಿದ್ದಿರಬೇಕಲ್ಲವೆ, ಆ ಅಪಾಯಕರವಾದ ವಿದ್ಯೆಯನ್ನು ಅವರು ಕಲಿತದ್ದಾದರೂ ಎಲ್ಲಿ? 1968ರಲ್ಲಿ ಪ್ರಕಟವಾದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಕಾದಂಬರಿ ಈ ಪ್ರಶ್ನೆಯಿಂದ ಹುಟ್ಟಿತು.

ಆದರೆ ಆ ಲೋಕವು ಅದಕ್ಕೂ ಮೊದಲೇ ಅಂಕುರಿಸಿದ್ದಿತು. 1964ರಲ್ಲಿ ಪತ್ರಿಕೆಯೊಂದರಲ್ಲಿ ಬಂದ ಎರಡು ಸಣ್ಣ ಕಥೆಗಳಲ್ಲಿ ದ್ವೀಪಗಳೂ ಮಾಂತ್ರಿಕರೂ ಹೆಸರುಗಳ ನಿಯಮವೂ ಅಸ್ಪಷ್ಟವಾಗಿ ಕಾಣಿಸಿಕೊಂಡಿದ್ದವು. ಕಾದಂಬರಿಗೆ ಕೈಹಾಕಿದಾಗ ಲೇಖಕಿ ದೊಡ್ಡದೊಂದು ಕಾಗದದ ಮೇಲೆ ಆ ದ್ವೀಪಸಮೂಹದ ನಕ್ಷೆಯನ್ನು ಬರೆದರು. ಅದರಲ್ಲಿನ ಕೆಲವು ಪುಟ್ಟ ದ್ವೀಪಗಳಿಗೆ ತಮ್ಮ ಮೂವರು ಮಕ್ಕಳ ಮುದ್ದಿನ ಹೆಸರುಗಳನ್ನೇ ಇಟ್ಟರು. ಅಲ್ಲಿನ ಜನರ, ಊರುಗಳ ಹೆಸರುಗಳನ್ನು ತಾವು ಕಟ್ಟಲಿಲ್ಲ, ಕಿವಿಗೊಟ್ಟು ಕಾದು ಕಂಡುಕೊಂಡೆವೆಂಬ ಅರ್ಥದಲ್ಲಿ ಅವರು ಮುಂದೆ ಬರೆದಿರುವರು. ಒಂದು ವಸ್ತುವಿನ ನಿಜನಾಮವನ್ನು ಬಲ್ಲವನಿಗೆ ಅದು ವಶವಾಗುವುದೆಂಬುದೇ ಆ ಲೋಕದ ಮಂತ್ರವಿದ್ಯೆಯ ತಳಹದಿಯಾದುದರಿಂದ, ಬರೆಯುವವರ ಸಾಧನೆಯೂ ಕಥಾನಾಯಕನಾದ ಗೆಡ್‌ನ ಸಾಧನೆಯೂ ಇಲ್ಲಿ ಒಂದೇ ಆಗಿವೆ.

ಈ ಶ್ರವಣಶಕ್ತಿ ಅವರಿಗೆ ಮನೆಯಿಂದಲೇ ಬಂದಿತೆಂದು ನಾನು ನಂಬುತ್ತೇನೆ. ಲೇಖಕಿ 1929ರ ಅಕ್ಟೋಬರ್ 21ರಂದು ಬರ್ಕ್ಲಿಯಲ್ಲಿ ಜನಿಸಿದರು. ಅವರ ತಂದೆ ಆಲ್‌ಫ್ರೆಡ್ ಕ್ರೋಬರ್, ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಭಾಷೆ, ಪುರಾಣ, ಆಚಾರಗಳನ್ನು ಸಂಗ್ರಹಿಸುವುದರಲ್ಲಿ ಆಯುಷ್ಯವನ್ನು ಸವೆಸಿದ ಮಾನವಶಾಸ್ತ್ರಜ್ಞರು. ನಾಪಾ ಕಣಿವೆಯ ಬೇಸಗೆಯ ಮನೆಯಲ್ಲಿ ಬೆಂಕಿಯ ಸುತ್ತ ಕುಳಿತ ಮಕ್ಕಳಿಗೆ ಆ ಕಥೆಗಳನ್ನು ಹೇಳುತ್ತಿದ್ದವರು. ತಾಯಿ ಥಿಯೊಡೋರಾ, ಯಾಹಿ ಜನಾಂಗದ ಕೊನೆಯವನೆಂದು ಪ್ರಸಿದ್ಧನಾದ ಇಷಿಯ ಜೀವನಚರಿತ್ರೆಯನ್ನು 1961ರಲ್ಲಿ ಪ್ರಕಟಿಸಿದರು. ಆ ಇಷಿಯು ಕ್ರೋಬರರ ಸ್ನೇಹವನ್ನು ಪಡೆದಿದ್ದರೂ ತನ್ನ ನಿಜವಾದ ಹೆಸರನ್ನು ಯಾರಿಗೂ ತಿಳಿಸದೆಯೇ 1916ರಲ್ಲಿ ಕಣ್ಮುಚ್ಚಿದನು. ನಿಜನಾಮವನ್ನು ಪ್ರಾಣದಂತೆ ಕಾಯ್ದುಕೊಳ್ಳುವ ಅರ್ಥ್‌ಸೀಯ ಜನರನ್ನು ಕುರಿತು ಓದುವಾಗಲೆಲ್ಲ ನನಗೆ ಅವನ ನೆನಪಾಗುತ್ತದೆ. ತಂದೆಯ ಗ್ರಂಥಭಂಡಾರದಲ್ಲಿದ್ದ ಲಾವ್‌ತ್ಸುವಿನ ‘ತಾವ್ ತೆ ಚಿಂಗ್’ ಇನ್ನೊಂದು ಸೆಲೆ. ಒಂದು ದೀಪವನ್ನು ಹಚ್ಚಿದರೆ ಒಂದು ನೆರಳೂ ಹುಟ್ಟುವುದೆಂಬ ಸಮತೋಲದ ತತ್ತ್ವ ಕಾದಂಬರಿಯ ಉದ್ದಕ್ಕೂ ಹರಿದಿದೆ. ಅಹಂಕಾರದಿಂದ ತಾನೇ ಕರೆತಂದ ನೆರಳನ್ನು ಗೆಡ್ ಖಡ್ಗದಿಂದ ಗೆಲ್ಲುವುದಿಲ್ಲ, ಅದು ತನ್ನದೇ ಎಂದು ಗುರುತಿಸಿ ಸ್ವೀಕರಿಸುತ್ತಾನೆ.

ಆ ಗೆಡ್‌ನನ್ನು ಅವರು ತಾಮ್ರವರ್ಣದವನನ್ನಾಗಿ ಚಿತ್ರಿಸಿದುದು ಬುದ್ಧಿಪೂರ್ವಕವಾಗಿಯೇ. ಬಿಳಿಯರೇ ವೀರರಾಗುತ್ತಿದ್ದ ಆ ಸಾಹಿತ್ಯಪ್ರಕಾರದಲ್ಲಿ ಇದೊಂದು ದೃಢವಾದ ನಿರ್ಧಾರ; ಆದರೂ ಹೊದಿಕೆಯ ಚಿತ್ರಗಳಲ್ಲಿ ಅವನು ಮತ್ತೆ ಮತ್ತೆ ಬೆಳ್ಳಗಾದನು, 2004ರ ದೂರದರ್ಶನ ರೂಪಾಂತರವೂ ಅದನ್ನೇ ಮಾಡಿದಾಗ ಲೇಖಕಿ ಬಹಿರಂಗವಾಗಿ ಪ್ರತಿಭಟಿಸಿದರು.

1971 ಮತ್ತು 1972ರಲ್ಲಿ ಇನ್ನೆರಡು ಸಂಪುಟಗಳು ಬಂದು ತ್ರಿವಳಿಯು ಪೂರ್ಣವಾಯಿತೆಂದು ಎಲ್ಲರೂ ತಿಳಿದರು. ಆದರೆ ತಾವು ಕಟ್ಟಿದ ಲೋಕದಲ್ಲಿ ಮಾಂತ್ರಿಕರ ವಿದ್ಯಾಪೀಠದ ಬಾಗಿಲು ಸ್ತ್ರೀಯರಿಗೆ ಮುಚ್ಚಿದ್ದಿತೆಂಬುದು, ತಮಗರಿವಿಲ್ಲದೆಯೇ ಪುರುಷರ ಕಣ್ಣಿನಿಂದ ಅದನ್ನು ನೋಡಿದ್ದೆವೆಂಬುದು, ಅವರನ್ನು ಕಾಡತೊಡಗಿತು. 18 ವರ್ಷಗಳ ನಂತರ, 1990ರಲ್ಲಿ, ‘ಟೆಹಾನು’ ಹೊರಬಂದಿತು: ಅಲ್ಲಿ ನಡುವಯಸ್ಸಿನ ವಿಧವೆ ಟೆನಾರ್ ಇದ್ದಾಳೆ, ಬೆಂಕಿಯಲ್ಲಿ ಬೆಂದ ಒಬ್ಬ ಬಾಲೆಯಿದ್ದಾಳೆ, ಸಕಲ ಶಕ್ತಿಯನ್ನೂ ಕಳೆದುಕೊಂಡು ಮನೆಗೆ ಮರಳಿದ ಗೆಡ್ ಇದ್ದಾನೆ, ಪಾತ್ರೆ ತೊಳೆಯುವ, ಮೇಕೆ ಕಾಯುವ ಕೆಲಸಗಳಿಗೂ ಅಲ್ಲಿ ಮಹಾಕಾರ್ಯಗಳ ಗೌರವವಿದೆ. ಕೀರ್ತಿಯನ್ನು ತಂದುಕೊಟ್ಟ ತನ್ನದೇ ಸೃಷ್ಟಿಯನ್ನು ಅಳಿಸದೆ, ಅದರೊಳಗೇ ಮರಳಿ ನಿಂತು ಹೊಸ ಕಣ್ಣಿನಿಂದ ನೋಡುವ ಇಂತಹ ಧೈರ್ಯ ಬರಹಗಾರರಲ್ಲಿ ಅಪರೂಪ. 2018ರ ಜನವರಿಯಲ್ಲಿ, 88ನೆಯ ವಯಸ್ಸಿನಲ್ಲಿ, ಪೋರ್ಟ್‌ಲ್ಯಾಂಡಿನಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಇನ್ನೂ ಎರಡು ಅರ್ಥ್‌ಸೀ ಪುಸ್ತಕಗಳು ಸೇರಿದ್ದವು. ಮೊದಲ ಮೂರನ್ನು ಓದಿ ತೃಪ್ತರಾಗುವವರು ಬಹಳ. ನಮ್ಮ ಓದುಗರು ಅಲ್ಲಿಗೆ ನಿಲ್ಲದೆ ‘ಟೆಹಾನು’ವನ್ನೂ ಓದಬೇಕೆಂದು ನನ್ನ ಪ್ರಾರ್ಥನೆ.